ಕತ್ತೆತ್ತಿ ನೋಡಬೇಕಾದ ಊರು

ದೇಹದ ಬೇರಾವ ಅಂಗಕ್ಕೂ ಕನ್ನಡಿಗರು ಕತ್ತಿಗೆ ಕೊಟ್ಟಷ್ಟು ಹೆಸರುಗಳನ್ನು ಕೊಟ್ಟಂತೆ ಕಾಣುವುದಿಲ್ಲ. ಹಾರ ಬೀಳುವುದು ಕೊರಳಿಗೆ. ಉರುಳು ಬೀಳುವುದು ಕುತ್ತಿಗೆಗೆ. ಹಾಡು ಹೊಮ್ಮುವುದು ಕಂಠದಿಂದ. ಒಪ್ಪಿಗೆಯನ್ನು ಸೂಚಿಸಲು ಆಡುವುದು ಗೋಣು. ಇಷ್ಟೆಲ್ಲ ಹೆಸರುಗಳಿದ್ದರೂ ನೋಯುವವರೆಗೆ ಅದರ ನೆನಪು ಯಾರಿಗೂ ಬರುವುದಿಲ್ಲ. ನೊಂದ ಮೇಲೆ ಬೇರೆ ಯಾವುದರ ನೆನಪೂ ನಿಲ್ಲುವುದಿಲ್ಲ.

ಯಾತ್ರಾಸ್ಥಳಗಳಲ್ಲಿ ಕೆಲವು ನಮ್ಮ ಕಾಲನ್ನು ಪರೀಕ್ಷಿಸುತ್ತವೆ, ಕೆಲವು ಹೊಟ್ಟೆಯನ್ನು, ಕೆಲವು ಕೈಚೀಲವನ್ನು. ಬೇಲೂರು ಪರೀಕ್ಷಿಸುವುದು ಕತ್ತನ್ನು. ಚೆನ್ನಕೇಶವನ ಗುಡಿಯ ಸುತ್ತ ಸೂರಿನ ಕೆಳಗೆ ನಿಂತ ಮದನಿಕೆಯರನ್ನಾಗಲಿ, ನವರಂಗದ ನಡುವಿನ ಭುವನೇಶ್ವರಿಯನ್ನಾಗಲಿ ಕತ್ತೆತ್ತದೆ ಕಂಡವರಿಲ್ಲ. ಅಂಥ ಊರಿಗೆ ಕಳೆದ ಮಾರ್ಗಶಿರದಲ್ಲಿ ಕತ್ತುನೋವಿನವರಿಬ್ಬರು ಹೋಗಿಬಂದೆವು. ಒಬ್ಬನು ನಾನು, ಇನ್ನೊಬ್ಬರು ಹಾಸನದಲ್ಲಿರುವ ನನ್ನ ಸೋದರಮಾವ.

ನನ್ನ ನೋವು ವೃತ್ತಿಯ ಬಳುವಳಿ. ಉತ್ತರಪತ್ರಿಕೆಗಳ ಕಟ್ಟನ್ನು ಮುಂದಿಟ್ಟುಕೊಂಡು ದಿನಕ್ಕೆ ಆರೇಳು ತಾಸು ತಲೆ ಬಾಗಿಸಿ ಕೂರುವ ಕಸುಬು ನಮ್ಮದು. ಹೆಕ್ಕತ್ತಿನಲ್ಲಿ ಸೆಳೆತ, ಸಂಜೆಯಾಯಿತೆಂದರೆ ಹೆಡತಲೆಯಲ್ಲಿ ನೋವು. ಎಂಟು ತಿಂಗಳಿಂದ ಅದು ನನ್ನ ಮನೆಯ ನೆಂಟನಾಗಿತ್ತು. ಮೂರು ತಿಂಗಳು ಮೀರಿದ ನೋವನ್ನು ವೈದ್ಯರು ದೀರ್ಘಕಾಲದ ನೋವೆಂದು ಎಣಿಸುವರಂತೆ. ಆ ಲೆಕ್ಕದಲ್ಲಿ ನಾನು ಪದವೀಧರನೇ ಆಗಿದ್ದೆ.

ಮಾವನವರದು ಇನ್ನೂ ಗಂಭೀರವಾದ ಸ್ಥಿತಿ. ಅವರು ನಿವೃತ್ತ ಶಾಲಾ ಉಪಾಧ್ಯಾಯರು. ರಾತ್ರಿ ಊಟಕ್ಕೆ ಮುಂಚೆ ವ್ಯಾಸಪೀಠದ ಮೇಲೆ ಕುಮಾರವ್ಯಾಸಭಾರತವನ್ನಿಟ್ಟು ಹತ್ತು ಪದ್ಯಗಳನ್ನಾದರೂ ರಾಗವಾಗಿ ಓದದೆ ಅವರು ಎಲೆಯ ಮುಂದೆ ಕೂತವರಲ್ಲ. ಕಳೆದ ವರ್ಷ ಕತ್ತಿನಲ್ಲಿ ಹುಟ್ಟಿದ ನೋವು ಬಲತೋಳಿನಗುಂಟ ಇಳಿದು ಹೆಬ್ಬೆರಳಿನವರೆಗೆ ಜುಮ್ಮೆನ್ನತೊಡಗಿತು. ಎಕ್ಸ್‌ರೇ ತೆಗೆದರು; ಮೂಳೆ ಸವೆದಿದೆ ಎಂದರು. ಬಂಧುಗಳಲ್ಲೊಬ್ಬರು, ‘ಇದಕ್ಕೆಲ್ಲ ಆಪರೇಷನ್ನೇ ಸೈ’ ಎಂದು ತೀರ್ಪಿತ್ತರು. ಅಂದಿನಿಂದ ಮಾವನವರು ಕೊರಳಿಗೆ ಪಟ್ಟಿ ಕಟ್ಟಿಕೊಂಡರು, ಭಾರತವನ್ನು ಬೀರುವಿಗೆ ಸೇರಿಸಿದರು, ಮನೆಯಿಂದ ಹೊರಬೀಳುವುದನ್ನೇ ಬಿಟ್ಟರು. ಕಳೆದ ಬೇಸಗೆಯಲ್ಲಿ ತೋಟದ ಪತ್ರಗಳನ್ನು ಮಗನ ಕೈಗಿತ್ತು, ‘ಎಲ್ಲಾ ಸರಿಯಾಗಿದೆಯೋ ನೋಡಿಕೊಳ್ಳಪ್ಪಾ’ ಎಂದರೆಂದು ಕೇಳಿದಾಗ ನನ್ನ ತಾಯಿಯವರು ಕಣ್ಣೀರಿಟ್ಟರು.

ಇದರಲ್ಲಿ ವಿಚಿತ್ರವೇನೆಂದರೆ, ಮಾವನವರ ಸೊಸೆಯೇ ಫಿಸಿಯೊಥೆರಪಿಯಲ್ಲಿ ಪದವಿ ಪಡೆದವಳು. ಹಾಸನದಲ್ಲಿ ದಿನಕ್ಕೆ ಇಪ್ಪತ್ತು ಮಂದಿಯ ಕತ್ತು ಸೊಂಟಗಳನ್ನು ನೋಡುವವಳು. ಹಿತ್ತಲ ಗಿಡ ಮದ್ದಲ್ಲ. ಮಾವನವರು ಊರಲ್ಲಿದ್ದ ಎಣ್ಣೆಗಳನ್ನೆಲ್ಲ ತಿಕ್ಕಿಸಿಕೊಂಡರು, ಸೊಸೆಯ ಮಾತನ್ನು ಮಾತ್ರ ಕಿವಿಗೆ ಹಾಕಿಕೊಳ್ಳಲಿಲ್ಲ. ಅವಳು ಬುದ್ಧಿವಂತೆ. ‘ಬೇಲೂರಿಗೆ ಹೋಗಿಬರೋಣ, ಭಾವನೂ ಬರುತ್ತಾರೆ’ ಎಂದು ಮಾವನವರನ್ನು ಒಪ್ಪಿಸಿ ನಮಗೆ ಹೇಳಿಕಳುಹಿಸಿದಳು.

ಮೈಸೂರಿನಿಂದ ರೈಲಿನಲ್ಲಿ ಹೊರಟೆವು. ಕೃಷ್ಣರಾಜನಗರದ ಗದ್ದೆಗಳು ಕಿಟಕಿಯಾಚೆ ಹಸುರಾಗಿ ಓಡುತ್ತಿದ್ದವು, ಆದರೆ ನೋಡುವವರಾರು? ನಮ್ಮ ಡಬ್ಬಿಯಲ್ಲಿದ್ದ ಮುಕ್ಕಾಲು ಪಾಲು ಮಂದಿ ಅಂಗೈಯ ಮೊಬೈಲಿಗೆ ತಲೆಬಾಗಿ, ಜಪಕ್ಕೆ ಕುಳಿತವರಂತೆ ನಿಶ್ಚಲರಾಗಿದ್ದರು. ತಲೆ ನೆಟ್ಟಗಿದ್ದಾಗ ಕತ್ತು ಹೊರುವುದು ಸುಮಾರು 5 ಕಿಲೋ ಭಾರ. ಬಾಗಿದಷ್ಟೂ, ತಕ್ಕಡಿಯ ಕೋಲು ಉದ್ದವಾದಂತೆ, ಹೊರೆ ಏರುತ್ತದೆ. 60 ಡಿಗ್ರಿ ಬಾಗಿದರೆ ಅದು 27 ಕಿಲೋ ಆಗುವುದೆಂದು 2014ರಲ್ಲಿ ಪ್ರಕಟವಾದ ಒಂದು ಲೆಕ್ಕಾಚಾರ ಹೇಳುತ್ತದೆ. ಅಂಗಡಿಯಿಂದ ಬರುವ ಅಕ್ಕಿಯ ಚೀಲವೊಂದು ಹೆಕ್ಕತ್ತಿನ ಮೇಲೆ ಕುಳಿತಂತೆ! ಬಾಗುವುದೇ ತಪ್ಪೆಂದಲ್ಲ, ಬಾಗುವುದಕ್ಕೇ ಅದು ಇರುವುದು. ಒಂದೇ ಭಂಗಿಯಲ್ಲಿ ತಾಸುಗಟ್ಟಲೆ ನಿಲ್ಲಿಸಿದರೆ ಸ್ನಾಯುಗಳು ದಣಿದು ಮುನಿಯುತ್ತವೆ. ಹೊಳೆನರಸೀಪುರ ದಾಟಿ ಹಾಸನ ಬರುವವರೆಗೆ ಆ ಡಬ್ಬಿಯಲ್ಲಿ ತಲೆಯೆತ್ತಿದ್ದವರು ಕಡಲೆಕಾಯಿ ಮಾರುವ ಹುಡುಗ ಮತ್ತು ಒಂದು ಕೈಗೂಸು.

ಹಾಸನದಿಂದ ಬೇಲೂರಿಗೆ ಸುಮಾರು 40 ಕಿಲೋಮೀಟರು. ಕಾರಿನ ಮುಂದಿನ ಸೀಟಿನಲ್ಲಿ ಮಾವನವರು ಕೊರಳಪಟ್ಟಿಯೊಡನೆ ದೇವರ ಉತ್ಸವಮೂರ್ತಿಯಂತೆ ಅಲುಗಾಡದೆ ಕುಳಿತರು. ದಾರಿಯಲ್ಲಿ ಸಿಂಬಿಯ ಮೇಲೆ ಹುಲ್ಲಿನ ಹೊರೆ ಹೊತ್ತ ಹೆಂಗಸರು ಸಾಲಾಗಿ ನಡೆದಿದ್ದರು.

“ನೋಡಪ್ಪಾ,” ಎಂದರು ಮಾವ, ತಲೆ ತಿರುಗಿಸದೆಯೇ. “ಇವರಿಗೆ ಎಲ್ಲಿಯ ಕತ್ತುನೋವು? ಇದೆಲ್ಲ ಕೂತು ತಿನ್ನುವವರ ಕಾಯಿಲೆ.”

“ಅವರಿಗೂ ಬರುತ್ತದೆ ಮಾವ,” ಎಂದಳು ಹಿಂದಿನಿಂದ ಸೊಸೆ. “ತಲೆಹೊರೆಯವರ ಕತ್ತಿನ ಮೂಳೆ ಬೇಗನೆ ಸವೆಯುತ್ತದೆ. ವಾರಕ್ಕೆ ಇಬ್ಬರಾದರೂ ನನ್ನ ಹತ್ತಿರ ಬರುತ್ತಾರೆ. ಅವರು ಹೇಳಿಕೊಳ್ಳುವುದು ಕಡಮೆ, ಅಷ್ಟೆ.” ಮಾವನವರು ಉತ್ತರಿಸಲಿಲ್ಲ.

ಯಗಚಿಯ ದಡದ ಈ ಊರಿನಲ್ಲಿ ವಿಷ್ಣುವರ್ಧನನು 1117ರಲ್ಲಿ ವಿಜಯನಾರಾಯಣನನ್ನು ಪ್ರತಿಷ್ಠಾಪಿಸಿದನು. ಹಳೇಬೀಡು, ಸೋಮನಾಥಪುರಗಳೊಡನೆ ಇದು 2023ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿತು. ಗೋಪುರ ದಾಟಿ ಒಳಹೊಕ್ಕೊಡನೆ ವಿಶಾಲವಾದ ಅಂಗಳ. ಅದರ ನಡುವೆ ನಕ್ಷತ್ರಾಕಾರದ ಜಗತಿಯ ಮೇಲೆ ಗುಡಿ. ಬಳಪದ ಕಲ್ಲು ಗಣಿಯಿಂದ ಬಂದಾಗ ಮೆತ್ತಗಿದ್ದು ಗಾಳಿಗೆ ಬಿದ್ದ ಮೇಲೆ ಗಟ್ಟಿಯಾಗುವುದಂತೆ. ಬಂಗಾರದ ಕೆಲಸದಷ್ಟು ಸೂಕ್ಷ್ಮವಾದ ಕೆತ್ತನೆ ಇಲ್ಲಿ ಸಾಧ್ಯವಾದುದು ಅದರಿಂದ.

ಆದರೆ ನಮ್ಮ ಮುಂದಿದ್ದ ಸಮಸ್ಯೆ ಶಿಲ್ಪಶಾಸ್ತ್ರದ್ದಲ್ಲ. ಸೂರಿನ ಕೆಳಗೆ ಮದನಿಕೆಯರು ನಿಂತಿದ್ದಾರೆ: ಕನ್ನಡಿ ಹಿಡಿದ ದರ್ಪಣಸುಂದರಿ, ಗಿಳಿಯೊಡನೆ ಮಾತನಾಡುವ ಶುಕಭಾಷಿಣಿ, ಬೇಟೆಗಾತಿ, ನರ್ತಕಿ. ಒಳಗೆ ನಾಲ್ವರು, ಹೊರಗೆ 38 ಮಂದಿ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಇವರಲ್ಲಿ ಕೆಲವರ ಕೆಳಗೆ ತಮ್ಮ ಹೆಸರನ್ನು ಕೊರೆದಿದ್ದಾರೆ. ಈ ಸುಂದರಿಯರನ್ನು ನೆಟ್ಟಗೆ ನಿಲ್ಲಿಸದೆ ಕೊಂಚ ಮುಂಬಾಗಿಸಿ ನಿಲ್ಲಿಸಿದ್ದು, ಕೆಳಗೆ ನಿಂತವರ ಕತ್ತಿನ ಮೇಲೆ ಶಿಲ್ಪಿಗಳು ತೋರಿದ ದಯೆಯೆಂದೇ ನನಗೆ ತೋರುತ್ತದೆ. ಆದರೂ ನನಗೆ ಮೂರನೆಯ ಮದನಿಕೆಗೇ ಹೆಡತಲೆ ಹಿಡಿಯಿತು. ಮಾವನವರು ಒಮ್ಮೆ ಪ್ರಯತ್ನಿಸಿ, ತೋಳಿನಲ್ಲಿ ಮಿಂಚು ಹರಿದಂತಾಗಿ, “ಅಯ್ಯಪ್ಪಾ!” ಎಂದು ಜಗತಿಯ ಅಂಚಿನಲ್ಲಿ ಕುಳಿತೇಬಿಟ್ಟರು. “ನೀವೆಲ್ಲ ನೋಡಿಕೊಂಡು ಬನ್ನಿ. ನಾನು ಇಲ್ಲೇ ಪಾದದ ಹತ್ತಿರ ಇರುತ್ತೇನೆ,” ಎಂದರು. ಆ ಧ್ವನಿಯಲ್ಲಿದ್ದುದು ಕೇವಲ ಆಯಾಸವಲ್ಲ.

ಆಗ ಸೊಸೆ ಅವರ ಪಕ್ಕದಲ್ಲಿ ಕುಳಿತು, ಮೆಲ್ಲಗೆ, ತರಗತಿಯಲ್ಲಿ ಪಾಠ ಹೇಳುವಂತೆ ವಿವರಿಸಿದಳು. ಕತ್ತಿನಲ್ಲಿರುವ ಮೂಳೆಗಳು ಏಳು. ಮರದ ತುದಿಯ ಎಲೆ ಮೇಯುವ ಜಿರಾಫೆಗೂ ಏಳೇ! ಮೊದಲನೆಯದಕ್ಕೆ, ಗ್ರೀಕರ ಪುರಾಣದಲ್ಲಿ ಆಕಾಶವನ್ನು ಹೊತ್ತವನ ಹೆಸರಿಟ್ಟು, ಅಟ್ಲಾಸ್ ಎನ್ನುತ್ತಾರೆ. (ನಮ್ಮವರು ಹೆಸರಿಟ್ಟಿದ್ದರೆ ಆದಿಶೇಷನೆನ್ನುತ್ತಿದ್ದರೇನೋ.) ‘ಹೌದು’ ಎಂದು ಗೋಣು ಹಾಕುವುದು ತಲೆಬುರುಡೆ ಈ ಮೂಳೆಯ ಮೇಲೆ ಆಡುವುದರಿಂದ, ‘ಇಲ್ಲ’ ಎಂದು ತಲೆಯಾಡಿಸುವುದು ಬಹುಮಟ್ಟಿಗೆ ಒಂದನೆಯ ಎರಡನೆಯ ಮೂಳೆಗಳ ನಡುವಿನ ಕೀಲಿನಿಂದ. ಅದರಿಂದ ಕೆಳಗೆ ಮೂಳೆ ಮೂಳೆಯ ನಡುವೆ ಗಾದಿಯಂಥ ಬಿಲ್ಲೆಗಳಿವೆ. ವಯಸ್ಸಾದಂತೆ ಬಿಲ್ಲೆಗಳ ನೀರಿನಂಶ ತಗ್ಗಿ ಅವು ತೆಳುವಾಗುತ್ತವೆ, ಮೂಳೆಯ ಅಂಚಿನಲ್ಲಿ ಮುಳ್ಳಿನಂಥ ಬೆಳೆ ಮೂಡುತ್ತದೆ. ಐದು, ಆರು, ಏಳನೆಯ ಮೂಳೆಗಳ ನಡುವೆ ಇದು ಹೆಚ್ಚು. ನರ ಹೊರಡುವ ಕಿಂಡಿ ಅಲ್ಲಿ ಕಿರಿದಾಗಿದ್ದರೆ, ತಲೆಯನ್ನು ಹಿಂದಕ್ಕೆ ವಾಲಿಸಿದಾಗ ಇನ್ನಷ್ಟು ಕಿರಿದಾಗಿ ನರವನ್ನು ಕೆಣಕುತ್ತದೆ. ಹೆಬ್ಬೆರಳಿನ ಜುಮ್ಮು ಆರನೆಯ ನರದ ದೂರು.

“ಹಾಗಾದರೆ ಸವೆದಿರುವುದು ನಿಜವೇ ಅಲ್ಲವೆ?” ಎಂದರು ಮಾವ.

“ನಿಜ ಮಾವ. ಆದರೆ ನಿಮ್ಮ ವಯಸ್ಸಿನ, ನೋವೇ ಇಲ್ಲದವರ ಎಕ್ಸ್‌ರೇ ತೆಗೆದರೂ ಹೆಚ್ಚಿನವರಲ್ಲಿ ಅದೇ ಸವೆತ ಕಾಣುತ್ತದೆ. ಅದು ತಲೆ ನರೆತಂತೆ. ಚಿತ್ರ ನೋಡಿ ಚಿಕಿತ್ಸೆ ನಿರ್ಧರಿಸುವುದಿಲ್ಲ, ಮನುಷ್ಯನನ್ನು ನೋಡಿ ನಿರ್ಧರಿಸುತ್ತಾರೆ. ನರ ಕೆಣಕಿದ ನೋವು ಕೂಡ ಹೆಚ್ಚಿನವರಲ್ಲಿ ಆಪರೇಷನ್ ಇಲ್ಲದೆಯೇ, ವಾರಗಳಲ್ಲೋ ತಿಂಗಳುಗಳಲ್ಲೋ ತಗ್ಗುತ್ತದೆ.”

ಇಷ್ಟು ಹೇಳಿ, ನನ್ನ ಹೆಂಡತಿಯ ಕೈಚೀಲದಿಂದ ಅಂಗೈಯಗಲದ ಕನ್ನಡಿಯೊಂದನ್ನು ತೆಗೆದು ಮಾವನವರ ಕೈಗಿತ್ತಳು. ಎದೆಯ ಮಟ್ಟದಲ್ಲಿ ಕನ್ನಡಿಯನ್ನು ಮಲಗಿಸಿ ಹಿಡಿದರೆ ತಲೆಯ ಮೇಲಿನ ಮದನಿಕೆ ಅದರೊಳಗೆ ಇಳಿದು ಬರುತ್ತಾಳೆ! ಮಾವನವರು ದರ್ಪಣಸುಂದರಿಯನ್ನು ದರ್ಪಣದಲ್ಲೇ ನೋಡಿದರು. ನವರಂಗದೊಳಗೆ ಗೈಡು ದೀಪದ ಬೆಳಕನ್ನು ಭುವನೇಶ್ವರಿಯತ್ತ ಬಿಟ್ಟಾಗ ಬಳಗವೆಲ್ಲ ಕತ್ತು ನಿಮಿರಿಸಿ ನಿಂತಿತ್ತು. ಮಾವನವರೊಬ್ಬರು ಮಾತ್ರ ನಿಶ್ಚಿಂತೆಯಿಂದ ಕೆಳಗೆ ನೋಡುತ್ತ, ಇಳಿಬಿದ್ದ ಆ ಕಮಲದ ಮೊಗ್ಗನ್ನು ಎಲ್ಲರಿಗಿಂತ ಹೆಚ್ಚು ಹೊತ್ತು ಕಂಡರು. ಪಕ್ಕದಲ್ಲಿದ್ದ ಮುದುಕಿಯೊಬ್ಬಳು, “ಸ್ವಾಮಿ, ನನಗೂ ಒಂದು ಗಳಿಗೆ ಕೊಡಿ” ಎಂದು ಕನ್ನಡಿಯನ್ನು ಬೇಡಿ ಪಡೆದಳು.

ಗುಡಿಯ ಅಂಗಳದಲ್ಲಿ ಸುಮಾರು 42 ಅಡಿ ಎತ್ತರದ ದೀಪಸ್ತಂಭವೊಂದಿದೆ. ಪೀಠಕ್ಕೆ ಅದನ್ನು ಕಚ್ಚಿಸಿಲ್ಲ, ಗಾರೆಯಿಲ್ಲ. ತನ್ನ ಭಾರದಿಂದಲೇ ನಿಂತಿದೆ. ಬುಡದ ಒಂದು ಕಡೆಯಲ್ಲಿ ಕಾಗದ ತೂರುವಷ್ಟು ಸಂದು. ಮಾವನವರಿಗೆ ತಮ್ಮ ವಾದಕ್ಕೊಂದು ಆಧಾರ ಸಿಕ್ಕಿತು.

“ನೋಡಮ್ಮಾ, ಇದು ಇಷ್ಟು ಶತಮಾನ ಬೀಳದೆ ನಿಂತಿರುವುದು ಅಲುಗಾಡದೆ ಇರುವುದರಿಂದ. ಅದಕ್ಕೇ ನಾನು ಪಟ್ಟಿ ಬಿಚ್ಚುವುದಿಲ್ಲ.”

“ಕಂಬ ಕಲ್ಲು ಮಾವ. ಕತ್ತು ಮಾಂಸ. ಕಲ್ಲಿಗೆ ನಿಲ್ಲುವುದು ಧರ್ಮ, ಕತ್ತಿಗೆ ಆಡುವುದು ಧರ್ಮ. ಪಟ್ಟಿ ಕೆಲವು ದಿನಕ್ಕೆ ಸರಿ. ವರ್ಷಗಟ್ಟಲೆ ಕಟ್ಟಿದರೆ ಹೊರುವ ಸ್ನಾಯುಗಳು ಕೆಲಸ ಮರೆತು ಸೊರಗುತ್ತವೆ. ಆಮೇಲೆ ಪಟ್ಟಿಯೇ ನಿಮ್ಮನ್ನು ಹೊರಬೇಕಾಗುತ್ತದೆ.”

ಬೇಲೂರಿನಲ್ಲೇ ಊಟ ಮುಗಿಸಿದೆವು. ಊಟದ ನಡುವೆ ಮಾವನವರು, ತಮ್ಮ ಕ್ಷೌರಿಕನು ತಿಂಗಳಿಗೊಮ್ಮೆ ತಲೆಯನ್ನು ಹಿಡಿದು ಎರಡು ಕಡೆಗೂ ‘ಲಟ್’ ಎಂದು ತಿರುವುವುದರಿಂದ ಬಹಳ ಹಿತವಾಗುವುದೆಂದು ಹೊಗಳಿಕೊಂಡರು. ಆ ದಿನ ಸೊಸೆಯ ಧ್ವನಿ ಏರಿದುದು ಅದೊಂದೇ ಸಲ. ಮಿದುಳಿಗೆ ರಕ್ತವೊಯ್ಯುವ ಎರಡು ನಾಳಗಳು ಕತ್ತಿನ ಮೂಳೆಗಳ ತೂತುಗಳ ಮೂಲಕವೇ ಹಾದುಹೋಗುತ್ತವೆ. ಹಠಾತ್ತನೆ ತಿರುವಿದಾಗ ಅವುಗಳ ಒಳಪದರ ಹರಿದು ಪಾರ್ಶ್ವವಾಯುವಾದ ಪ್ರಸಂಗಗಳುಂಟು. ಅಪರೂಪವೇ ಸರಿ, ಆದರೆ ಕ್ಷೌರದ ಜೊತೆ ಪುಕ್ಕಟೆಯಾಗಿ ಕೊಳ್ಳಬೇಕಾದ ಅಪಾಯವಲ್ಲ. ಮಾವನವರು ಮಜ್ಜಿಗೆಯ ಲೋಟವನ್ನು ಕೆಳಗಿಟ್ಟು ಸುಮ್ಮನಾದರು.

ಹಳೇಬೀಡು ಅಲ್ಲಿಂದ 16 ಕಿಲೋಮೀಟರು. ಹೊಯ್ಸಳರ ರಾಜಧಾನಿ ದ್ವಾರಸಮುದ್ರವಿದು. 1311ರಲ್ಲಿ ಮಲಿಕ್ ಕಾಫೂರನ ದಂಡಯಾತ್ರೆಗೆ ಸಿಕ್ಕ ಊರು. ಬೇಲೂರಿಗೆ ಹೋಲಿಸಿದರೆ ಹೊಯ್ಸಳೇಶ್ವರನ ಗುಡಿ ಕತ್ತಿಗೆ ಬಹಳ ಸೌಮ್ಯವಾದುದು. ಇಲ್ಲಿಯ ವೈಭವವೆಲ್ಲ ಗೋಡೆಯ ಮೇಲೆ, ಕಣ್ಣಿನ ಮಟ್ಟಕ್ಕೂ ಕೆಳಕ್ಕೂ ಹರಡಿದೆ. ಎಲ್ಲಕ್ಕಿಂತ ಕೆಳಗೆ ಆನೆಗಳ ಸಾಲು. ಇಡೀ ದೇಗುಲದ ಭಾರವನ್ನು ಬೆನ್ನಿನ ಮೇಲೆ ಹೊತ್ತು ಒಂದರ ಹಿಂದೊಂದು ನಡೆದಿವೆ. ಅವುಗಳ ಮೇಲೆ ಸಿಂಹ, ಬಳ್ಳಿ, ಕುದುರೆ ಸವಾರರು, ರಾಮಾಯಣ ಮಹಾಭಾರತಗಳ ಕಥಾಪಟ್ಟಿಕೆ. ಮಾವನವರು ಕನ್ನಡಿಯ ಹಂಗಿಲ್ಲದೆ ನಡೆನಡೆದು ನೋಡಿದರು. ಭಾರತದ ಯುದ್ಧದೃಶ್ಯ ಬಂದಲ್ಲೆಲ್ಲ ನಿಂತು, ನಮಗೆ ಕೇಳಿಸುವಂತೆ ಕಥೆ ಹೇಳಿದರು. ಎಷ್ಟೋ ತಿಂಗಳ ಮೇಲೆ ಅವರ ಕಂಠ ತೆರೆದಿತ್ತು.

ನಂದಿಮಂಟಪದ ನೆರಳಿನಲ್ಲಿ ಕುಳಿತಾಗ ಅವರು ತಾವಾಗಿಯೇ ಕೇಳಿದರು: “ನನಗೆ ಆಪರೇಷನ್ ಬೇಡವೇ ಅಮ್ಮಾ?”

ಸೊಸೆ ನಕ್ಕಳು. ಬೆಳಗಿನಿಂದ ಅವಳು ಪರೀಕ್ಷೆ ನಡೆಸುತ್ತಲೇ ಇದ್ದಳೆಂದು ನಮಗೆ ತಿಳಿದುದು ಆಗ. ಅಂಗಿಯ ಗುಂಡಿಗಳನ್ನು ಮಾವ ತಾವೇ ಹಾಕಿಕೊಂಡುದನ್ನೂ, ಚಪ್ಪಲಿ ಕಾಯುವವನಿಗೆ ಚಿಲ್ಲರೆಯನ್ನು ತಡವರಿಸದೆ ಎಣಿಸಿಕೊಟ್ಟುದನ್ನೂ, ಜಗತಿಯ ಮೆಟ್ಟಿಲುಗಳನ್ನು ತೂರಾಡದೆ ಇಳಿದುದನ್ನೂ ಅವಳು ಗಮನಿಸಿದ್ದಳು. ಕೈಬೆರಳಿನ ಕುಶಲತೆ ತಪ್ಪಿದರೆ, ನಡಿಗೆ ತೊಡರಿದರೆ, ಕೈ ಬಲಗುಂದುತ್ತ ಹೋದರೆ, ಮಲಮೂತ್ರದ ಹಿಡಿತ ಸಡಿಲಿದರೆ, ಒತ್ತಡ ಬೆನ್ನುಹುರಿಗೇ ಬಿದ್ದಿರಬಹುದು. ಆಗ ಒಂದು ದಿನವೂ ತಡಮಾಡದೆ ತಜ್ಞರ ಬಳಿಗೆ ಹೋಗಬೇಕು, ಶಸ್ತ್ರಚಿಕಿತ್ಸೆಗೆ ಹೆದರಿ ಹಿಂಜರಿಯಬಾರದು. ಬಿದ್ದು ಪೆಟ್ಟಾದ ಮೇಲೆ ಬಂದ ನೋವು, ಜ್ವರವಾಗಲಿ ಕಾರಣವಿಲ್ಲದೆ ಮೈ ಇಳಿಯುವುದಾಗಲಿ ಜೊತೆಗೂಡಿದ ನೋವು, ರಾತ್ರಿಯೆಲ್ಲ ಬಿಡದ ನೋವು, ಇವೂ ಕಾಯಬಾರದವು. ಕತ್ತು ತೋಳುಗಳ ನೋವಿನೊಡನೆ ಎದೆ ಬಿಗಿದು ಬೆವರಿದರೆ ಅದು ಹೃದಯದ ಕರೆಯಾಗಿರಬಹುದು. ಒಡನೆ ಆಸ್ಪತ್ರೆಗೆ ಓಡಬೇಕು. “ಇವು ಯಾವುವೂ ನಿಮಗಿಲ್ಲ ಮಾವ. ಆದರೂ ನಾಳೆ ವೈದ್ಯರ ಹತ್ತಿರ ಕರೆದುಕೊಂಡು ಹೋಗುತ್ತೇನೆ. ಅವರೂ ಹೀಗೆಯೇ ಎಂದರೆ, ಮೂರು ತಿಂಗಳು ನನ್ನ ಮಾತು ಕೇಳುತ್ತೀರಾ?”

ಮಾವನವರು ನಂದಿಯನ್ನು ಒಮ್ಮೆ ನೋಡಿದರು. ಬಳಿಕ ಕೊರಳಪಟ್ಟಿಯನ್ನು ಬಿಚ್ಚಿ ಜೇಬಿಗಿಟ್ಟುಕೊಂಡರು.

ಪಾಠ ಅಲ್ಲಿಯೇ ಮೊದಲಾಯಿತು, ವಿದ್ಯಾರ್ಥಿಗಳು ಇಬ್ಬರು. ಬೆನ್ನು ನೆಟ್ಟಗಿರಿಸಿ, ನೋಟ ಎದುರಿಗಿಟ್ಟು, ಜೋಡಿಗಲ್ಲ ಮೂಡುವಂತೆ ಗಲ್ಲವನ್ನು ಹಿಂದಕ್ಕೆ ಸರಿಸಬೇಕು. ಐದು ಎಣಿಸಿ ಬಿಡಬೇಕು. ಹೀಗೆ ಹತ್ತು ಸಲ. ಕತ್ತಿನ ಮುಂಬದಿಯಲ್ಲಿ ಆಳದಲ್ಲಿರುವ ಸ್ನಾಯುಗಳನ್ನು ಎಬ್ಬಿಸುವ ಸಾಧನೆಯಿದು. ಆಮೇಲೆ ಅಂಗೈಯನ್ನು ಹಣೆಗೊತ್ತಿ, ತಲೆ ಅಲುಗದಂತೆ ಕೈಗೂ ಕತ್ತಿಗೂ ಮೆಲ್ಲನೆ ಮಲ್ಲಯುದ್ಧ. ಹಾಗೆಯೇ ಹಿಂದಕ್ಕೆ, ಎಡಕ್ಕೆ, ಬಲಕ್ಕೆ. ಬೆನ್ನಿನ ಹೆಗಲೆಲುಬುಗಳನ್ನು ಒಂದರ ಕಡೆಗೊಂದು ಸೆಳೆದು ಬಿಡುವುದು. ದಿನವೂ ಅರ್ಧ ತಾಸು ನಡಿಗೆ. ತೋಳಿನ ನೋವು ಹೆಚ್ಚುತ್ತ ಹೋದರೆ ನಿಲ್ಲಿಸಿ ಕೇಳಬೇಕು. ಶೀರ್ಷಾಸನ, ಸರ್ವಾಂಗಾಸನ, ಹಲಾಸನಗಳು ಕತ್ತುನೋವಿನವರಿಗೆ ಸಲ್ಲವು.

ಮಿಕ್ಕ ಉಪಾಯಗಳನ್ನೂ ನಾನು ಒಂದೊಂದಾಗಿ ಕೇಳಿದೆ. ಬಿಸಿನೀರಿನ ಶಾಖ, ನುರಿತ ಕೈಯ ಮಾಲೀಸು, ಇವು ಬಿಗಿತವನ್ನು ಸಡಿಲಿಸಿ ವ್ಯಾಯಾಮಕ್ಕೆ ದಾರಿ ಮಾಡುತ್ತವೆ. ಹಿಟ್ಟಿನ ಕಟ್ಟೆ ಕಟ್ಟಿ ಬೆಚ್ಚನೆಯ ಎಣ್ಣೆ ನಿಲ್ಲಿಸುವ ಆಯುರ್ವೇದದ ಗ್ರೀವಾಬಸ್ತಿಯಿಂದ ಹಿತವೆನಿಸಿದರೆ ಅವಳ ಅಡ್ಡಿಯಿಲ್ಲ. ಎದ್ದ ಮೇಲೆ ವ್ಯಾಯಾಮ ತಪ್ಪಬಾರದು, ಅಷ್ಟೆ. ಕತ್ತನ್ನು ಯಂತ್ರದಿಂದ ಎಳೆಯುವ ಚಿಕಿತ್ಸೆ ಕೆಲವರಿಗೆ ಗುಣ ಕೊಡುತ್ತದೆ, ಎಲ್ಲರಿಗೂ ಅಲ್ಲ. ನೋವಿನ ಮಾತ್ರೆಗಳು ಕೆಲವು ದಿನಗಳ ಊರುಗೋಲು. ವೈದ್ಯರನ್ನು ಕೇಳದೆ ತಿಂಗಳುಗಟ್ಟಲೆ ನುಂಗಿದರೆ ಹೊಟ್ಟೆ, ಮೂತ್ರಪಿಂಡ, ರಕ್ತದೊತ್ತಡಗಳು ಬೆಲೆ ತೆರುತ್ತವೆ. ನರದ ನೋವಿಗೆ ಬೇರೆ ಔಷಧಿಗಳಿವೆ. ಅದಕ್ಕೂ ಬಗ್ಗದ ಕೆಲವರಿಗೆ ನರದ ಬುಡಕ್ಕೆ ಸೂಜಿಮದ್ದು ಕೊಡುವುದುಂಟು. ಅದು ತಜ್ಞರ ಕೆಲಸ. ಮಲಗಲು, ತಲೆಯೂ ಬೆನ್ನೂ ಒಂದೇ ಗೆರೆಯಲ್ಲಿರುವಂತೆ ಒಂದೇ ದಿಂಬು, ಬೋರಲು ಮಲಗಬಾರದು. ನಿದ್ದೆಗೆಟ್ಟವರಿಗೂ ಚಿಂತೆ ಹೊತ್ತವರಿಗೂ ಅದೇ ನೋವು ಇಮ್ಮಡಿಯಾಗಿ ತೋರುವುದಂತೆ. ತಲೆಯ ಮೇಲಿನ ಹೊರೆಯಷ್ಟೇ ತಲೆಯೊಳಗಿನ ಹೊರೆಯೂ ಕತ್ತಿಗೆ ಭಾರವೆಂದಾಯಿತು.

ನನಗೆ ಅವಳಿತ್ತ ಔಷಧಿ ಅಗ್ಗದ್ದು: ಹಳೆಯ ಕಚೇರಿಗಳ ಗುಮಾಸ್ತರು ಬಳಸುತ್ತಿದ್ದಂಥ ಓರೆಮೇಜು. ಅದರ ಮೇಲಿಟ್ಟರೆ ಉತ್ತರಪತ್ರಿಕೆ ತಾನೇ ಮುಖದ ಕಡೆಗೆ ಏಳುತ್ತದೆ. ಅರ್ಧ ತಾಸಿಗೊಮ್ಮೆ ಎದ್ದು ನಾಲ್ಕು ಹೆಜ್ಜೆ ಹಾಕಬೇಕು. ನಾನು ಬಡಗಿಯಿಂದ ಮಾಡಿಸಿದೆ. ಮೂರು ತಿಂಗಳಲ್ಲಿ ನನ್ನ ನೋವು ಮುಕ್ಕಾಲು ಪಾಲು ಹೋಯಿತು. ಉಳಿದ ಕಾಲು ಪಾಲು ಪರೀಕ್ಷೆಯ ಕಾಲಕ್ಕೆ ಬಂದು ಮುಖ ತೋರಿಸಿ ಹೋಗುತ್ತದೆ.

ಮಾವನವರಿಗೆ ವೈದ್ಯರು ಸೊಸೆಯ ಮಾತನ್ನೇ ಹೇಳಿದರು. ಮೊದಲ ಮೂರು ವಾರ ಏನೂ ಗುಣ ಕಾಣದೆ ಗೊಣಗಿದರಂತೆ. ಆರನೆಯ ವಾರಕ್ಕೆ ಹೆಬ್ಬೆರಳಿನ ಜುಮ್ಮು ತಗ್ಗಿತಂತೆ. ಈಗ ಅವರ ವ್ಯಾಸಪೀಠ ನೆಲದಿಂದೆದ್ದು ಮೇಜಿನ ಮೇಲೆ, ಎರಡು ಹಳೆಯ ಪಂಚಾಂಗಗಳ ಕಟ್ಟಿನ ಮೇಲೆ ಕುಳಿತಿದೆ. ಪುಸ್ತಕ ಕಣ್ಣಿಗೆ ನೇರವಾಗಿದೆ. ಹತ್ತು ಪದ್ಯಗಳಿಗೊಮ್ಮೆ ನಿಲ್ಲಿಸಿ ಗಲ್ಲ ಹಿಂದೆಳೆದುಕೊಳ್ಳುವರೆಂದೂ, ಅದನ್ನು ಕಂಡ ಮೊಮ್ಮಗ ತಾನೂ ಹಾಗೆಯೇ ಮಾಡುವನೆಂದೂ ಅತ್ತೆ ಹೇಳುತ್ತಾರೆ.

ಮೊನ್ನೆ ಮಾವನವರೇ ಫೋನು ಮಾಡಿದ್ದರು. ಮುಂದಿನ ಯಾತ್ರೆ ಶ್ರವಣಬೆಳಗೊಳಕ್ಕಂತೆ. 58 ಅಡಿ ಎತ್ತರದ ಗೊಮ್ಮಟನನ್ನು ನೋಡಲು ಕತ್ತು ಎಷ್ಟು ಎತ್ತಬೇಕಾದೀತು ಮಾವ, ಎಂದೆ.

“ಪಾದದ ಹತ್ತಿರ ನಿಂತರೆ ತಾನೆ? ಕೊಂಚ ದೂರ ನಿಂತು ನೋಡಿದರೆ ಮುಖವೂ ಪೂರ್ತಿ ಕಾಣುತ್ತದೆ, ಕತ್ತೂ ನೋಯುವುದಿಲ್ಲ. ಸೊಸೆಯನ್ನು ಕೇಳಿಯೇ ಹೇಳುತ್ತಿದ್ದೇನಪ್ಪಾ,” ಎಂದರು.